ಕೈತಾನರಿಗೆ ಕಡಿಮೆ ಬಿದ್ದ ಮೂವತ್ತನಾಲ್ಕು ಗಂಟೆ

ಪುತ್ತೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ವಾಚ್ ರಿಪೇರಿಯ ಅಂಗಡಿ ಇಟ್ಟಿದ್ದ ಕೈತಾನರು ಸಮಯದ ವಿಷಯದಲ್ಲಿ ಯಾರ ಮಾತನ್ನೂ ನಂಬುವವರಲ್ಲ. ಅವರ ಗೋಡೆಯ ಮೇಲೆ ರಿಪೇರಿಗೆ ಬಂದ ಹದಿನಾಲ್ಕು ಗಡಿಯಾರಗಳು ತೂಗುತ್ತಿದ್ದವು. ಹದಿನಾಲ್ಕಕ್ಕೂ ತಮ್ಮ ತಮ್ಮ ಸ್ವಂತ ಅಭಿಪ್ರಾಯವಿತ್ತು. ಅವಸರದಲ್ಲಿ ಒಳಗೆ ಇಣುಕಿದ ಪ್ರಯಾಣಿಕರಲ್ಲಿ ಒಬ್ಬ ಬಸ್ಸು ತಪ್ಪಿತೆಂದು ತಲೆ ಚಚ್ಚಿಕೊಂಡರೆ, ಅವನ ಹಿಂದೆಯೇ ಬಂದವನು ಇನ್ನೊಂದು ಗಡಿಯಾರ ನೋಡಿ ಇನ್ನೂ ಬೇಕಾದಷ್ಟು ಹೊತ್ತು ಉಂಟೆಂದು ಕಾಫಿಗೆ ಹೋಗುತ್ತಿದ್ದ. ಕೈತಾನರ ಕೈಯ ವಾಚು ಮಾತ್ರ ಸರಿ ಇತ್ತು. ದಿನಾ ಸಂಜೆ ಹೋಟೆಲಿನ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಅವರು ಅದನ್ನು ಸರಿಯಾಗಿ ತಿರುಗಿಸಿಟ್ಟುಕೊಂಡು, ಲೋಕ ಇನ್ನೊಂದು ದಿನದ ಮಟ್ಟಿಗೆ ಹಳಿಯ ಮೇಲಿದೆ ಎಂಬ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು.

ಇಂಥವರ ಕೈಗೆ ಬೈಬಲ್ ಸಿಕ್ಕಬಾರದಿತ್ತು. ಸಿಕ್ಕಿತು. ಆ ಕಾಲದಲ್ಲಿ ಕೆಥೊಲಿಕರ ಮನೆಗಳಲ್ಲಿ ಜಪಮಾಲೆ ಇತ್ತು, ಸಂತರ ಪಟಗಳಿದ್ದವು, ಪ್ರಾರ್ಥನೆಯ ಪುಸ್ತಕವಿತ್ತು. ಬೈಬಲನ್ನು ಓದಿ ಹೇಳುವುದು ಪಾದ್ರಿಗಳ ಕೆಲಸ, ಕೇಳಿ ತಲೆಯಾಡಿಸುವುದು ಉಳಿದವರ ಕೆಲಸ ಎಂಬ ಏರ್ಪಾಡು ಎರಡೂ ಕಡೆಯವರಿಗೆ ಒಪ್ಪಿಗೆಯಾಗಿತ್ತು. ಸಾವಿರದ ಒಂಬೈನೂರ ಐವತ್ತಾರರ ಫೆಬ್ರವರಿಯಲ್ಲಿ, ಊರೂರು ತಿರುಗಿ ಪುಸ್ತಕ ಮಾರುವ ಪ್ರೊಟೆಸ್ಟೆಂಟ್ ಉಪದೇಶಿಯೊಬ್ಬರು ತಮ್ಮ ಕಿಸೆಗಡಿಯಾರಕ್ಕೆ ಹೊಸ ಸ್ಪ್ರಿಂಗು ಹಾಕಿಸಿಕೊಂಡವರು, ಸಂತೋಷಕ್ಕೆಂದು ಕನ್ನಡದ ಒಂದು ಹೊಸ ಒಡಂಬಡಿಕೆಯನ್ನು ಮೇಜಿನ ಮೇಲೆ ಇಟ್ಟು ಹೋದರು. ಗಿರಾಕಿಗಳಿಲ್ಲದ ಮಧ್ಯಾಹ್ನ ಕೈತಾನರು ಅದನ್ನು ಬಿಡಿಸಿದರು. ಮತ್ತಾಯನ ಹನ್ನೆರಡನೆಯ ಅಧ್ಯಾಯದಲ್ಲಿ ಅವರ ಬೆರಳು ನಿಂತಿತು. ಯೋನನು ಮೂರು ಹಗಲು ಮೂರು ರಾತ್ರಿ ಮೀನಿನ ಹೊಟ್ಟೆಯಲ್ಲಿದ್ದ ಹಾಗೆ ತಾನೂ ಮೂರು ಹಗಲು ಮೂರು ರಾತ್ರಿ ಭೂಮಿಯೊಳಗೆ ಇರುತ್ತೇನೆಂದು ಯೇಸುಸ್ವಾಮಿ ಅಲ್ಲಿ ಹೇಳಿದ್ದರು. ಬೇರೆಯವರಾಗಿದ್ದರೆ ಅಷ್ಟು ದೊಡ್ಡ ಮೀನು ಯಾವುದಿರಬಹುದೆಂದು ಯೋಚಿಸುತ್ತಿದ್ದರು. ಕೈತಾನರು ಪೆನ್ಸಿಲ್ ತೆಗೆದರು.

ಸ್ವಾಮಿ ಪ್ರಾಣ ಬಿಟ್ಟದ್ದು ಗುಡ್‌ಫ್ರೈಡೆಯ ಮಧ್ಯಾಹ್ನ ಮೂರು ಗಂಟೆಗೆ. ಮತ್ತೆ ಜೀವಂತವಾಗಿ ಎದ್ದದ್ದು ಆದಿತ್ಯವಾರ ಬೆಳಕು ಹರಿಯುವಾಗ. ಐದು ಗಂಟೆ ಎಂದಿಟ್ಟುಕೊಳ್ಳೋಣ. ಶುಕ್ರವಾರದ್ದು ಒಂಬತ್ತು ಗಂಟೆ, ಶನಿವಾರದ್ದು ಇಪ್ಪತ್ತನಾಲ್ಕು, ಆದಿತ್ಯವಾರದ್ದು ಐದು. ಒಟ್ಟು ಮೂವತ್ತೆಂಟು. ಮೂರು ಹಗಲು ಮೂರು ರಾತ್ರಿ ಎಂದರೆ ಎಪ್ಪತ್ತೆರಡು. ಕೈತಾನರು ಎರಡು ಸಲ ಕಳೆದು ನೋಡಿದರು, ಎರಡು ಸಲವೂ ಮೂವತ್ತನಾಲ್ಕು ಗಂಟೆ ಕಡಿಮೆ ಬಿತ್ತು. ಮೂರು ದಿನದಲ್ಲಿ ಮೂವತ್ತನಾಲ್ಕು ಗಂಟೆ ಹಿಂದೆ ಬೀಳುವ ಗಡಿಯಾರವನ್ನು ಅವರು ರಿಪೇರಿಗೆ ಕೂಡ ತೆಗೆದುಕೊಳ್ಳುತ್ತಿರಲಿಲ್ಲ.

ಮನೆಗೆ ಹೋದವರೇ ಹೆಂಡತಿಗೆ ಹೇಳಿದರು, "ಕಾರ್ಮಿಣ್, ಮೂವತ್ತನಾಲ್ಕು ಗಂಟೆ ಕಡಿಮೆ ಬೀಳ್ತದೆ."

"ಎಲ್ಲಿ?" ಎಂದರು ಕಾರ್ಮಿಣ್ ಬಾಯಿ, ಅಕ್ಕಿ ಆರಿಸುತ್ತ.

"ಸಮಾಧಿಯಲ್ಲಿ."

ಕಾರ್ಮಿಣ್ ಬಾಯಿ ಮೊದಲು ಶಿಲುಬೆಯ ಗುರುತು ಹಾಕಿಕೊಂಡರು, ಆಮೇಲೆ ಗಂಡನ ಹಣೆ ಮುಟ್ಟಿ ನೋಡಿದರು. ವಿಷಯ ಪೂರ್ತಿ ಕೇಳಿದ ಮೇಲೆ, "ಇದನ್ನು ಯಾರ ಹತ್ರವೂ ಹೇಳಬೇಡಿ. ಪ್ಲೊರಿನಳ ಸಂಬಂಧ ಆಗುವವರೆಗೆ ಆದ್ರೂ ಬಾಯಿ ಮುಚ್ಚಿಕೊಂಡಿರಿ," ಎಂದರು.

ಅವರ ಆತಂಕಕ್ಕೆ ಕಾರಣವಿತ್ತು. ಒಬ್ಬಳೇ ಮಗಳು ಪ್ಲೊರಿನಳನ್ನು ಕಡಬದ ಆಚೆಯ ಕೋಡಿಂಬಾಳದಿಂದ ಬಂದು ನೋಡಿ ಹೋಗಿದ್ದರು. ಹುಡುಗ ಶಾಲೆಯ ಮಾಸ್ತರ. ಒಳ್ಳೆಯವನು, ಪ್ಲೊರಿನಳಿಗೂ ಮನಸ್ಸಿತ್ತು. ಹುಡುಗನ ತಂದೆ ಬಸ್ತ್ಯಾಂವ್ ಅಲ್ಲಿನ ಕ್ರಿಸ್ತುವರ ಗುರ್ಕಾರ, ಎಂದರೆ ಕೇರಿಯ ಹಿರಿಯ. ಯಾರು ಪೂಜೆಗೆ ಬಂದಿಲ್ಲ, ಯಾರು ಶುಕ್ರವಾರ ಮಾಂಸ ಬೇಯಿಸಿದರು ಎಂಬುದೆಲ್ಲ ಅವರ ಮೂಗಿಗೆ ಮೊದಲು ಗೊತ್ತಾಗುತ್ತಿತ್ತು. ಕರೆಜ್ಮದಲ್ಲಿ, ಅಂದರೆ ಸ್ವಾಮಿ ಎದ್ದ ದಿನದ ಪಾಸ್ಕ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ವ್ರತದಲ್ಲಿ, ಮದುವೆಯ ಮಾತಾಡುವಂತಿಲ್ಲ. ಹಬ್ಬದ ಹೊತ್ತಿಗೆ ಕೊನೆಯ ಮಾತು ಹೇಳುತ್ತೇನೆಂದು ತಿಳಿಸಿ ಅವರು ಹೋಗಿದ್ದರು. ಆ ಒಂದು ಮಾತಿಗಾಗಿ ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತ್ತು.

ಯಾರ ಹತ್ತಿರವೂ ಹೇಳುವುದಿಲ್ಲ ಎಂದು ಕೈತಾನರು ಒಪ್ಪಿದರು. ಪಾದ್ರಿಗಳು 'ಯಾರೋ' ಅಲ್ಲವೆಂದು ಮರುದಿನ ಬೆಳಿಗ್ಗೆ ಅವರಿಗೆ ತೋರಿತು. ಇಗರ್ಜಿಯ, ಎಂದರೆ ಚರ್ಚಿನ, ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯ ಪಾದ್ರಿ ವಿಗಾರರ ಮುಂದೆ ಅವರು ಲೆಕ್ಕದ ಚೀಟಿ ಹಿಡಿದು ನಿಂತರು.

ವಿಗಾರರು ಕನ್ನಡಕ ಮೇಲೆತ್ತಿ ಓದಿದರು. "ಕೈತಾನ್, ಯೆಹೂದ್ಯರು ದಿನದ ಒಂದು ತುಂಡು ಸಿಕ್ಕಿದ್ರೂ ಇಡೀ ದಿನ ಅಂತ ಎಣಿಸ್ತಿದ್ರು. ಶುಕ್ರವಾರ ಒಂದು, ಶನಿವಾರ ಎರಡು, ಆದಿತ್ಯವಾರ ಮೂರು. ಮುಗಿಯಿತು."

"ರಾತ್ರಿ, ಪದ್ರಾಬ್?"

"ಹಗಲು ಬಂದ ಮೇಲೆ ಅದರೊಟ್ಟಿಗೆ ರಾತ್ರಿಯೂ ಬರ್ತದೆ."

"ತುಂಡಿಗೆ ಇಡೀ ದಿನ ಅಂದ್ರೆ ಹೇಗೆ ಪದ್ರಾಬ್? ಎಂಟೂ ಕಾಲಿಗೆ ಒಂಬತ್ತು ಬಾರಿಸುವ ಗಡಿಯಾರ ನಾನು ನಿಮಗೆ ಕೊಟ್ರೆ ತೆಕ್ಕೊಳ್ತೀರಾ?"

"ಕಳೆದ ವರ್ಷ ರಿಪೇರಿ ಮಾಡಿ ಕೊಟ್ಟದ್ದು ಹಾಗೆಯೇ ಉಂಟು. ನಾನೇನಾದ್ರೂ ಹೇಳಿದ್ದೇನಾ?" ಎಂದರು ವಿಗಾರರು. ಅಷ್ಟರಲ್ಲಿ ಒಳಗಿನ ಗಡಿಯಾರ ಒಂಬತ್ತು ಬಾರಿಸಿತು. ಕೈತಾನರ ಕೈಯಲ್ಲಿ ಎಂಟೂ ಇಪ್ಪತ್ತು. ಆದರೂ ಅವರು ಜಗ್ಗದೆ ನಿಂತಿರುವುದನ್ನು ನೋಡಿ, ಹೇಗಾದರೂ ಎಬ್ಬಿಸಿ ಕಳಿಸಬೇಕಾದ ಗಿರಾಕಿಗೆ ಹೇಳುವಂತೆ, "ಆಯ್ತು, ಮಂಗಳೂರಿಗೆ ಹೋದಾಗ ಬಿಷಪರನ್ನು ಕೇಳಿ ನೋಡ್ತೇನೆ," ಎಂದುಬಿಟ್ಟರು. ಈ ಒಂದು ಮಾತು ಆಮೇಲೆ ಎಷ್ಟು ಹೊಟ್ಟೆಗಳನ್ನು ಉರಿಸಲಿದೆ ಎಂದು ಆ ಸಾಧು ಮನುಷ್ಯರಿಗೆ ಗೊತ್ತಿರಲಿಲ್ಲ.

ಅಂಗಡಿಗೆ ಬಂದ ಕೈತಾನರ ಮುಖ ನೋಡಿಯೇ ಪಕ್ಕದ ಒಣಮೀನಿನ ಅಂಗಡಿಯ ಆದಂ ಕುಂಞಿಗೆ ಏನೋ ಆಗಿದೆಯೆಂದು ಗೊತ್ತಾಯಿತು. ಇಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಗೋಡೆಯ ಎರಡು ಬದಿಗೆ ಕೂತವರು. "ಎಂತ ಪೊರ್ಬುಗಳೆ, ಮನಸ್ಸಿಗೆ ಬೇಜಾರವಾ?" ಎಂದು ಅವರು ಕೇಳಿದರು. ನಮ್ಮ ಕಡೆ ಕ್ರಿಸ್ತುವರನ್ನು ಮರ್ಯಾದೆಯಿಂದ ಪೊರ್ಬುಗಳೆಂದೂ ಆದಂ ಕುಂಞಿಯಂಥ ಮುಸಲ್ಮಾನರನ್ನು ಬ್ಯಾರಿಗಳೆಂದೂ ಕರೆಯುವುದು.

ಪಕ್ಕದಂಗಡಿಯವರೂ 'ಯಾರೋ' ಅಲ್ಲವಲ್ಲ. ಕೈತಾನರು ಹೇಳಿದರು.

ಆದಂ ಕುಂಞಿ ಗಂಭೀರವಾಗಿ ಗಡ್ಡ ನೇವರಿಸಿಕೊಂಡರು. "ನೀವು ಎಣಿಸುದೇ ತಪ್ಪು. ನಮ್ಮಲ್ಲಿ ಸೂರ್ಯ ಮುಳುಗಿದ ಕೂಡ್ಲೆ ಮರುದಿನ. ಗುರುವಾರ ರಾತ್ರಿ ಅಂದ್ರೆ ಅದು ಶುಕ್ರವಾರದ ರಾತ್ರಿ. ಮೊದ್ಲು ರಾತ್ರಿ, ಆಮೇಲೆ ಹಗಲು. ಇನ್ನು ಒಂದು ಒಂದೂವರೆ ತಿಂಗಳು ಹೋದ್ರೆ ನಮ್ಮ ರಂಜಾನ್ ನೋಂಬು ಶುರು, ಆಗ ನೋಡಿ."

"ಅಂದ್ರೆ ನಿಮ್ಮ ಲೆಕ್ಕದಲ್ಲಿ ಇವತ್ತು ಸಂಜೆ ಏಳು ಗಂಟೆಗೆ ನಾಳೆ?"

"ಏಳರವರೆಗೆ ಯಾಕೆ? ಆರೂ ಮುಕ್ಕಾಲಿಗೇ ನಾಳೆ."

ಕೈತಾನರಿಗೆ ಹೊಸ ಲೋಕ ತೆರೆದಂತಾಯಿತು. ಒಣಮೀನು ಕಟ್ಟುವ ಕಾಗದದ ಮೇಲೆ ಮತ್ತೆ ಲೆಕ್ಕ ಹಾಕಿದರು. ಹಗಲು ಮೂರು ಸಿಕ್ಕವು; ರಾತ್ರಿ ಮಾತ್ರ ಎರಡೇ ಸಿಕ್ಕವು. "ಇನ್ನೊಂದು ರಾತ್ರಿ ಬೇಕಿತ್ತಲ್ಲ ಬ್ಯಾರಿಗಳೆ."

"ನನ್ನ ಹತ್ರ ಎಲ್ಲಿಂದ ಬರ್ತದೆ ಮಾರಾಯ್ರೆ, ನನ್ನದು ಮೀನಿನ ಅಂಗಡಿ," ಎಂದರು ಆದಂ ಕುಂಞಿ.

ಕೈತಾನರು ಗುಡ್‌ಫ್ರೈಡೆಯನ್ನೇ ಹಿಂದೆ ದೂಡಿ ನೋಡಿದರು. ಗುರುವಾರಕ್ಕೆ ಇಟ್ಟರೆ ಹತ್ತು ಗಂಟೆ ಕಡಿಮೆ, ಬುಧವಾರಕ್ಕೆ ಇಟ್ಟರೆ ಹದಿನಾಲ್ಕು ಗಂಟೆ ಹೆಚ್ಚು. "ಬುಧವಾರವೇ ವಾಸಿ," ಎಂದು ಗಟ್ಟಿಯಾಗಿ ಹೇಳಿಕೊಂಡರು. "ಹೆಚ್ಚಾದ್ರೆ ತೊಂದರೆ ಇಲ್ಲ, ಕಡಿಮೆ ಆಗಬಾರದು." ಆ ಹೊತ್ತಿಗೆ ಅಲಾರಂ ಟೈಂಪೀಸು ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ಗುರುವಪ್ಪ. ಅವರು ಒಂದು ಸರಕಾರಿ ಕಚೇರಿಯ ಗುಮಾಸ್ತರು, ರಜೆಗಳ ವಿಷಯದಲ್ಲಿ ಋಷಿಗಳಂತೆ ಏಕಾಗ್ರತೆ ಉಳ್ಳವರು.

"ಗುಡ್‌ಫ್ರೈಡೆ ಬುಧವಾರವಾ?" ಎಂದರು ಗುರುವಪ್ಪ, ಬಾಗಿಲಲ್ಲೇ ನಿಂತು.

"ಲೆಕ್ಕ ಹಾಗೆ ಹೇಳ್ತದೆ," ಎಂದರು ಕೈತಾನರು.

"ಪಾದ್ರಿಯವರಿಗೆ ಗೊತ್ತುಂಟಾ?"

"ಬಿಷಪರನ್ನು ಕೇಳುವವರಿದ್ದಾರೆ."

ಗುರುವಪ್ಪ ಟೈಂಪೀಸನ್ನು ಅಲ್ಲೇ ಬಿಟ್ಟು ಕಚೇರಿಗೆ ಧಾವಿಸಿದರು. ಶುಕ್ರವಾರದ ರಜೆ ಹೋದರೆ ಶುಕ್ರ, ಶನಿ, ಆದಿತ್ಯ ಎಂದು ಅವರು ಹೆಣೆದಿಟ್ಟಿದ್ದ ಸುಳ್ಯದ ಮಾವನ ಮನೆಯ ಪ್ರಯಾಣ ಹೋದಂತೆಯೇ. ಹೆಡ್ ಗುಮಾಸ್ತರು ವಿಷಯ ಕೇಳಿ, ಇದು ಬಾಯಿಮಾತಿನಲ್ಲಿ ತೀರುವ ಪ್ರಶ್ನೆಯಲ್ಲವೆಂದು ಒಂದು ಫೈಲು ತೆರೆಸಿದರು. ನಾಲ್ಕನೆಯ ದಿನ ವಿಗಾರರಿಗೆ ಕಾಗದ ಬಂತು: ಪ್ರಸಕ್ತ ಸಾಲಿನ ಗುಡ್‌ಫ್ರೈಡೆಯನ್ನು ಬುಧವಾರಕ್ಕೆ ವರ್ಗಾಯಿಸಲಾಗಿದೆಯೇ, ವರ್ಗಾಯಿಸಿದ್ದಲ್ಲಿ ಯಾರ ಆದೇಶದ ಮೇರೆಗೆ, ಶೀಘ್ರ ತಿಳಿಸಬೇಕು. ವಿಗಾರರು ಅದನ್ನು ಎರಡು ಸಲ ಓದಿ, ಮಡಚಿ, ಆ ದಿನದ ಪ್ರಾರ್ಥನೆಯಲ್ಲಿ ಕೈತಾನರ ಹೆಸರನ್ನು ವಿಶೇಷವಾಗಿ ಸೇರಿಸಿಕೊಂಡರು.

ಊರಿನಲ್ಲಿ ಹುಟ್ಟಿದ ಸುದ್ದಿ ಊರಿನಲ್ಲೇ ಇದ್ದಿದ್ದರೆ ಅಡ್ಡಿಯಿರಲಿಲ್ಲ. ಆದರೆ ಕಡಬದ ಬಸ್ಸಿನ ಕಂಡಕ್ಟರ್ ಕುಕ್ಕಪ್ಪ ಟಿಕೆಟ್ಟಿನ ಜೊತೆ ಸುದ್ದಿಯನ್ನೂ ಹರಿದು ಕೊಡುವವನು. ಪುತ್ತೂರು ಬಿಡುವಾಗ "ವಾಚಿನ ಪೊರ್ಬುಗಳು ಗುಡ್‌ಫ್ರೈಡೆ ಬುಧವಾರ ಅಂತಾರೆ" ಎಂದಿದ್ದದ್ದು, ಉಪ್ಪಿನಂಗಡಿಯಲ್ಲಿ "ಪೊರ್ಬುಗಳು ಬುಧವಾರವೇ ಹಬ್ಬ ಮಾಡ್ತಾರಂತೆ" ಎಂದಾಯಿತು. ಆಲಂಕಾರಿಗೆ ಮುಟ್ಟುವಾಗ ಅವರು ಬೇರೆ ಇಗರ್ಜಿ ಕಟ್ಟಿಸಲು ಜಾಗ ನೋಡುತ್ತಿದ್ದರು. ಕಡಬದಲ್ಲಿ ಇಳಿದಾಗ ಕೈತಾನರು ಬಿಳಿ ನಿಲುವಂಗಿ ಹೊಲಿಸಿಯೂ ಆಗಿತ್ತು.

ಕೋಡಿಂಬಾಳದಿಂದ ಕಾರ್ಡು ಬಂತು. ಗುರ್ಕಾರರ ಅಕ್ಷರ ಅವರ ಮೀಸೆಯಷ್ಟೇ ನೆಟ್ಟಗಿತ್ತು: "ಗುಡ್‌ಫ್ರೈಡೆಗೆ, ಎಂದರೆ ಶುಕ್ರವಾರ, ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತೇನೆ. ಪಾಸ್ಕ ಹಬ್ಬದ ದಿನ, ಎಂದರೆ ಆದಿತ್ಯವಾರ, ಮೊದಲ ಬಸ್ಸಿಗೆ ಹಿಂತಿರುಗುತ್ತೇನೆ. ನಿಮ್ಮ ಮನೆಯ ರೀತಿನೀತಿ ಕಣ್ಣಾರೆ ನೋಡಿದ ಮೇಲೆ ಸಂಬಂಧದ ಮಾತು."

ಕಾರ್ಮಿಣ್ ಬಾಯಿ ಕಾರ್ಡು ಓದಿಸಿ ಕೇಳಿ ಕಂಬಕ್ಕೆ ಒರಗಿದರು. ಪ್ಲೊರಿನ್ ಎದ್ದು ಅಡುಗೆಮನೆಗೆ ಹೋದಳು. ಕೈತಾನರು ಅವಳು ಹೋದ ಕಡೆಯೇ ನೋಡಿದರು. ಸಣ್ಣವಳಿರುವಾಗ ಅಂಗಡಿಯಲ್ಲಿ ಅವರ ಮೊಣಕಾಲ ಬಳಿ ಕೂತು, ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಹೆಕ್ಕಿ ಕೊಡುತ್ತಿದ್ದ ಮಗಳು. ಅವಳ ಬದುಕನ್ನು ತಾನು ಪೆನ್ಸಿಲಿನಿಂದ ಕಳೆದುಬಿಟ್ಟೆನೇನೋ ಎಂದು ಅವರಿಗೆ ಬಹಳ ದುಃಖವಾಯಿತು.

ಇದರ ಮೇಲೆ, ಹಬ್ಬಕ್ಕೆ ಒಂದು ವಾರ ಮೊದಲಿನ ಗರಿಗಳ ಆದಿತ್ಯವಾರ, ವಿಗಾರರು ಒಂದು ಸುತ್ತೋಲೆ ಓದಿದರು. ಅದುವರೆಗೆ ಪಾಸ್ಕ ಹಬ್ಬದ ಮುನ್ನಾದಿನ, ಶನಿವಾರ ಬೆಳಿಗ್ಗೆಯೇ ಪೂಜೆಯಾಗಿ ಇಗರ್ಜಿಯ ಗಂಟೆ ಬಾರಿಸುತ್ತಿತ್ತು. ಮಧ್ಯಾಹ್ನಕ್ಕೆ ವ್ರತ ಬಿಟ್ಟು ಜನ ಹಂದಿಮಾಂಸದ ಪಾತ್ರೆಗೆ ಕೈಹಾಕುತ್ತಿದ್ದರು. ಇನ್ನು ಮುಂದೆ ಹಾಗಿಲ್ಲ. ಸ್ವಾಮಿ ಎದ್ದದ್ದು ಯಾವ ಹೊತ್ತಿಗೋ ಆ ಹೊತ್ತಿಗೆ ಹತ್ತಿರವಾಗುವಂತೆ ಪೂಜೆ ಶನಿವಾರ ರಾತ್ರಿಗೆ ಹೋಗಿದೆ, ವ್ರತ ನಡುರಾತ್ರಿಯವರೆಗೆ ನಡೆಯಬೇಕು, ಇದು ರೋಮಿನಿಂದಲೇ ಬಂದ ಆದೇಶ. ಇಡೀ ಇಗರ್ಜಿ ಒಂದೇ ಕುತ್ತಿಗೆಯಂತೆ ಕೈತಾನರ ಕಡೆ ತಿರುಗಿತು. ಆ ಆದೇಶ ಹಿಂದಿನ ವರ್ಷವೇ ಹೊರಟದ್ದೆಂದು ವಿಗಾರರು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಕೈತಾನರು ಪಾದ್ರಿಗಳನ್ನು ಕೇಳಿದ್ದಾರೆ, ಪಾದ್ರಿಗಳು ಬಿಷಪರನ್ನು, ಬಿಷಪರು ರೋಮಿನ ಪಾಪುಸ್ವಾಮಿಗಳನ್ನು. ಪಾಪುಸ್ವಾಮಿಗಳು ಹೆದರಿ ಹೊತ್ತು ಬದಲಿಸಿದ್ದಾರೆ. ಅರ್ಧ ದಿನದ ಹೆಚ್ಚಿನ ಉಪವಾಸ ಪುತ್ತೂರಿನವರ ತಲೆಗೆ ಬಿದ್ದದ್ದು ಈ ವಾಚ್ ರಿಪೇರಿಯವನಿಂದ. ಹೊರಗೆ ಬರುವಾಗ ಒಬ್ಬ ಮುದುಕಿ ಅವರನ್ನು ತಡೆದು, "ನಿನಗೆ ಹಸಿವಾಗದಿದ್ರೆ ನಮಗೂ ಆಗುದಿಲ್ವಾ ಮಗ?" ಎಂದು ಕೇಳಿ ಹೋದಳು.

ಗುರ್ಕಾರರು ಬರುವ ಬೆಳಿಗ್ಗೆ ಕಾರ್ಮಿಣ್ ಬಾಯಿ ಗಂಡನನ್ನು ದೇವರ ಪಟದ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿದರು. ನೆಂಟರು ಮನೆಯಲ್ಲಿರುವಷ್ಟು ಹೊತ್ತು ಅವರ ಬಾಯಿಂದ ಯೋನ ಬರಬಾರದು, ಮೀನು ಬರಬಾರದು, ಬುಧವಾರ ಬರಬಾರದು. ಮುಖ್ಯವಾಗಿ ಒಂದೇ ಒಂದು ಅಂಕಿಯೂ ಬರಬಾರದು.

ಬಸ್ಸು ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಬಂತು. ಗುರ್ಕಾರ್ ಬಸ್ತ್ಯಾಂವರು ಕರಿ ಕೋಟು ಹಾಕಿ, ಕೊಡೆ ಹಿಡಿದು ಇಳಿದರು. ಮೊದಲು ನೋಡಿದ್ದು ಕೈತಾನರು ನಿಲುವಂಗಿ ಹಾಕಿದ್ದಾರೋ ಎಂದು. ಇಲ್ಲವೆಂದು ಕಂಡು ಸ್ವಲ್ಪ ನಿರಾಶರಾದಂತೆ ಕಂಡಿತು. ಇಗರ್ಜಿಯ ಪ್ರಾರ್ಥನೆ ಮುಗಿಸಿ ಮನೆಗೆ ಬಂದು ಕೂತ ಮೇಲೆ ವಿಚಾರಣೆ ಶುರುವಾಯಿತು.

"ಅಂಗಡಿ ಇಟ್ಟು ಎಷ್ಟು ವರ್ಷ ಆಯ್ತು ಕೈತಾನ್ ಬಾಬ್?"

ಕೈತಾನರು ಹೆಂಡತಿಯ ಕಡೆ ನೋಡಿದರು. "ಸುಮಾರು ಆಯ್ತು."

"ದಿನಕ್ಕೆ ಎಷ್ಟು ವಾಚು ಬರ್ತದೆ?"

"ಬಂದಷ್ಟು ಬರ್ತದೆ."

"ಮಗಳಿಗೆ ಎಷ್ಟು ವರ್ಷ?"

"ಬೇಕಾದಷ್ಟು ಆಗಿದೆ."

ಗುರ್ಕಾರರ ಮೀಸೆ ಅಲ್ಲಾಡಿತು. ಮಗಳ ಪ್ರಾಯವನ್ನೇ ಹೇಳದ ತಂದೆ ಧರ್ಮದ ವಿಷಯದಲ್ಲಿ ಏನೇನು ಬಚ್ಚಿಟ್ಟಿರಬಹುದೆಂದು ಅವರು ಯೋಚಿಸುತ್ತಿರುವುದು ಹಣೆಯಲ್ಲೇ ಕಾಣುತ್ತಿತ್ತು. ಊಟಕ್ಕೆ ಗುಡ್‌ಫ್ರೈಡೆಯ ಗಂಜಿ, ಒಂದು ಚೂರು ಉಪ್ಪಿನಕಾಯಿ. ಅದಕ್ಕಿಂತ ಹೆಚ್ಚು ಬಡಿಸಿದರೆ ಅಧರ್ಮ, ಬಡಿಸದಿದ್ದರೆ ಬೀಗರಾಗುವವರಿಗೆ ಅಗೌರವ. ಕಾರ್ಮಿಣ್ ಬಾಯಿ ಗಂಜಿಯನ್ನೇ ಎರಡು ಸಲ ಒತ್ತಾಯ ಮಾಡಿ ಬಡಿಸಿದರು. ಗುರ್ಕಾರರು ಮಾತ್ರ ಸಮಾಧಾನದಲ್ಲೇ ಇದ್ದರು. "ನಾಳೆ ಮಧ್ಯಾಹ್ನ ಉಂಟಲ್ಲ," ಎಂದು ಗೂಡಿನಲ್ಲಿದ್ದ ಹಂದಿಯ ಕಡೆ ಸ್ನೇಹದಿಂದ ನೋಡಿದರು. ಪಾದ್ರಿಗಳು ತಿಂಗಳಿಗೊಮ್ಮೆ ಮಾತ್ರ ಹೋಗುವ ಕೋಡಿಂಬಾಳಕ್ಕೆ ರೋಮಿನ ಹೊಸ ಆದೇಶ ಇನ್ನೂ ಮುಟ್ಟಿರಲಿಲ್ಲ. ಅದನ್ನು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಶನಿವಾರ ಹನ್ನೊಂದೂವರೆಗೇ ಗುರ್ಕಾರರು ಕೈಕಾಲು ತೊಳೆದು ಬಂದು ಕೂತು, ಇಗರ್ಜಿಯ ಗಂಟೆಗೆ ಕಿವಿ ಕೊಟ್ಟರು. ಅಂಗಡಿಗೆ ಹಬ್ಬದ ರಜೆಯಾದ್ದರಿಂದ ಕೈತಾನರು ಹದಿನಾಲ್ಕು ಗಡಿಯಾರಗಳನ್ನೂ ಮನೆಗೆ ತಂದು ಗೋಡೆಗೆ ತೂಗುಹಾಕಿದ್ದರು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಮೊದಲನೆಯದು ಹನ್ನೆರಡು ಬಾರಿಸಿತು. ಗುರ್ಕಾರರು ಎದ್ದು ನಿಂತು ಪ್ರಾರ್ಥನೆ ಹೇಳಿದರು. ಇಗರ್ಜಿಯ ಕಡೆಯಿಂದ ಸದ್ದಿಲ್ಲ. ಕೂತರು. 'ಟಣ್' ಎಂದು ಎರಡನೆಯದು ಶುರುವಾಯಿತು, ಎದ್ದರು. ಮೂರನೆಯದು, ನಾಲ್ಕನೆಯದು, ಹೀಗೆ ಆ ಮನೆಯಲ್ಲಿ ಹನ್ನೆರಡು ಗಂಟೆ ಆಗುತ್ತಲೇ ಇತ್ತು. ಏಳನೆಯ ಸಲಕ್ಕೆ ಅವರು ಏಳುವುದನ್ನು ಬಿಟ್ಟರು.

"ಎಂತ ಇದು, ನಿಮ್ಮ ಇಗರ್ಜಿಯ ಗಂಟೆ ಒಡೆದು ಹೋಗಿದೆಯಾ?"

ಉತ್ತರ ಕೊಟ್ಟದ್ದು ಬಾಗಿಲಲ್ಲಿ ಪ್ರತ್ಯಕ್ಷರಾದ ಆದಂ ಕುಂಞಿ. ಸ್ನೇಹಿತನ ಮಗಳ ಸಂಬಂಧಕ್ಕೆ ತನ್ನಿಂದಾದ ಒಂದು ಒಳ್ಳೆಯ ಮಾತು ಸೇರಲಿ ಎಂದೇ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

"ಒಡೆದಿಲ್ಲ ಮಾರಾಯ್ರೆ, ಇನ್ನು ರಾತ್ರಿಗೇ ಬಾರಿಸುದು. ಅದುವರೆಗೆ ನೋಂಬು. ಎಲ್ಲ ನಮ್ಮ ಪೊರ್ಬುಗಳ ದೆಸೆಯಿಂದ. ಇವರು ಒಂದು ಮಾತು ಕೇಳಿದ್ದಕ್ಕೆ ರೋಮಿನವರೇ ಹೊತ್ತು ಬದಲಿಸಿದ್ರು. ಇಂಥವರ ಮನೆಯ ಹುಡುಗಿ ಸಿಗುದು ನಿಮ್ಮ ಪುಣ್ಯ."

ಮನೆಯಲ್ಲಿ ಹದಿನಾಲ್ಕು ಗಡಿಯಾರಗಳ ಹೆಜ್ಜೆ ಬೇರೆ ಬೇರೆಯಾಗಿ ಕೇಳಿಸಿತು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಆದಂ ಕುಂಞಿ ಹೊರಟು ಹೋದರು.

ಗುರ್ಕಾರರು ನಿಧಾನಕ್ಕೆ ತಿರುಗಿದರು. "ನೀವು ಕೇಳಿದ್ದಾ?"

"ಕೇಳಿದ್ದು ಹೌದು," ಎಂದರು ಕೈತಾನರು.

"ಎಂತ ಕೇಳಿದ್ದು?"

ಕಾರ್ಮಿಣ್ ಬಾಯಿ ಕಣ್ಣಿನಲ್ಲೇ ಕೈಮುಗಿದರು. ಕೈತಾನರು ತಡೆದುಕೊಂಡರು. ಆದರೆ ಎದುರಿಗೆ ಕೂತವರು ಮಗಳನ್ನು ಕೊಡಬೇಕಾದ ಮನೆಯವರು. ಅವರ ಮುಂದೆ ಸುಳ್ಳು ಹೇಳಿ ಹುಡುಗಿಯನ್ನು ಕಳಿಸುವುದು ಕೈತಾನರಿಂದಾಗಲಿಲ್ಲ. ಪ್ರಮಾಣ ಮುರಿದು ಯೋನ, ಮೀನು, ಬುಧವಾರ, ಮೂವತ್ತೆಂಟು, ಎಪ್ಪತ್ತೆರಡು, ಮೂವತ್ತನಾಲ್ಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಗುರ್ಕಾರರು ಮೀಸೆ ಸವರಿಕೊಂಡು ಕೇಳಿದರು, "ಅಂದ್ರೆ ಸ್ವಾಮಿ ಎದ್ದದ್ದರಲ್ಲಿ ನಿಮಗೆ ಸಂಶಯ."

"ಛೆ, ಎದ್ದದ್ದರಲ್ಲಿ ಎಂತ ಸಂಶಯ ಗುರ್ಕಾರರೆ? ಎಷ್ಟು ಗಂಟೆಗೆ ಅಂತ ಮಾತ್ರ."

ಗುರ್ಕಾರರು ಏನೋ ಹೇಳಲು ಬಾಯಿ ತೆರೆಯುವುದಕ್ಕೂ, ಮುಂದೆ ಓಡುವ ಗಡಿಯಾರ ಒಂದು ಬಾರಿಸುವುದಕ್ಕೂ, ಹಿಂದೆ ಬಿದ್ದ ಗಡಿಯಾರ ಹನ್ನೆರಡಕ್ಕೆ ಶುರುಮಾಡುವುದಕ್ಕೂ ಸರಿಹೋಯಿತು. ಹಸಿದ ಮನುಷ್ಯನ ಮುಖದಲ್ಲಿ ಎಂಥ ನೋವು ಕಾಣಬಹುದೋ ಅದೆಲ್ಲ ಅವರ ಮುಖದಲ್ಲಿ ಕಂಡಿತು. ಆಗ ಒಳಗಿನಿಂದ ಪ್ಲೊರಿನ್ ಬಂದಳು. ಯಾರನ್ನೂ ಕೇಳದೆ, ಒಂದು ಮಾತೂ ಆಡದೆ, ಗೋಡೆಯುದ್ದಕ್ಕೂ ನಡೆದು ಒಂದೊಂದೇ ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದಳು. ಹದಿನಾಲ್ಕನೆಯದು ನಿಂತ ಮೇಲೆ ಗುರ್ಕಾರರ ಮುಂದೆ ಒಂದು ಲೋಟ ತಣ್ಣಗಿನ ನೀರು ಇಟ್ಟು, "ಸ್ವಲ್ಪ ಮಲಗಿ ಮಾಮ, ಹೊತ್ತು ಬೇಗ ಹೋಗ್ತದೆ," ಎಂದಳು.

ಗುರ್ಕಾರರು ನೀರು ಕುಡಿದು ಬೆಂಚಿನ ಮೇಲೆ ಮಲಗಿದರು. ಗಡಿಯಾರ ನಿಂತರೆ ಹೊತ್ತು ಬೇಗ ಹೋಗುತ್ತದೆಂಬ ಶಾಸ್ತ್ರ ಪ್ಲೊರಿನಳದ್ದು; ಹೊತ್ತೇನೋ ಅದನ್ನು ಕೇಳಿಸಿಕೊಂಡಿರಲಿಲ್ಲ. ಆ ಮಧ್ಯಾಹ್ನ ಮುಗಿಯಲೇ ಇಲ್ಲ. ಸಂಜೆ ಅದಕ್ಕಿಂತ ಉದ್ದವಾಗಿತ್ತು. ಕೈತಾನರಿಗೆ ಸಂಬಂಧದ ಮಾತು ಕೇಳಲು ಧೈರ್ಯವಿರಲಿಲ್ಲ, ಕಾರ್ಮಿಣ್ ಬಾಯಿ ಒಂದೇ ಜಪಸರವನ್ನು ಎಷ್ಟು ಸುತ್ತು ತಿರುಗಿಸಿದರೋ ಅವರಿಗೇ ಗೊತ್ತಿಲ್ಲ. ಕೊನೆಗೂ ಇಗರ್ಜಿಯ ಗಂಟೆ ಬಾರಿಸಿತು, ಪೂಜೆ ಮುಗಿಯಿತು, ಗುರ್ಕಾರರು ಮನೆಗೆ ಬಂದು ಇಡ್ಲಿಯಂಥ ಸಾನ್ನದ ಜೊತೆ ಮೂರು ಸಲ ಮಾಂಸ ಹಾಕಿಸಿಕೊಂಡರು. ಸಂಬಂಧದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಕೈತಾನರು ಅವರ ಚೀಲ ಹೊತ್ತು ಬಸ್ಸಿನ ಬಳಿಗೆ ಬಂದರು. ಎಲ್ಲ ಮುಗಿಯಿತು, ಮಗಳ ಮುಖ ಹೇಗೆ ನೋಡಲಿ ಎಂದು ಕೈತಾನರಿಗೆ ಕಣ್ಣು ಮಂಜಾಗುತ್ತಿತ್ತು. ಕಂಡಕ್ಟರ್ ಕುಕ್ಕಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದ್ದ. ಕಡಬದವರೆಗೆ ಹಂಚಲು ಅವನಿಗೆ ಏನಾದರೂ ಬೇಕಿತ್ತು.

"ಹೇಗೆ ಗುರ್ಕಾರರೆ? ಪೊರ್ಬುಗಳು ಬೇರೆ ಧರ್ಮ ಕಟ್ಟಿದ್ದು ಹೌದಾ?"

ಗುರ್ಕಾರರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದರು. ಗಂಟಲು ಸರಿಮಾಡಿಕೊಂಡು, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು, "ಇನ್ನು ಯಾರಾದ್ರೂ ಇವರ ಬಗ್ಗೆ ಹಾಗೆ ಮಾತಾಡಿದ್ರೆ ನನ್ನ ಹತ್ರ ಕಳಿಸು. ಮೂರು ಹಗಲು ಮೂರು ರಾತ್ರಿ ನಾನು ಇವರ ಮನೆಯಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಉಪವಾಸ ಮಾಡಿಸಿ ನನ್ನನ್ನು ಕೊಂದು ಬದುಕಿಸಿದ್ದಾರೆ, ಆದ್ರೂ ಒಂದು ಸುಳ್ಳು ಹೇಳ್ಲಿಲ್ಲ. ಹುಡುಗಿಗಂತೂ ತಂದೆ ತಾಯಿ ಇಬ್ಬರಿಗಿಂತ ಹೆಚ್ಚು ಬುದ್ಧಿ ಉಂಟು. ಮೇ ತಿಂಗಳಲ್ಲಿ ಮದುವೆ."

ಕೈತಾನರಿಗೆ ಮದುವೆ ಎಂಬ ಶಬ್ದ ಆಮೇಲೆ ಕೇಳಿಸಿತು. ಮೊದಲು ಕೇಳಿಸಿದ್ದು ಮೂರು ಹಗಲು ಮೂರು ರಾತ್ರಿ. ಅಭ್ಯಾಸಬಲದಿಂದ ಅವರ ಕಣ್ಣು ಕೈಯ ವಾಚಿಗೆ ಹೋಯಿತು. ಸರಿಯಾಗಿ ಐದು ಗಂಟೆ. ಬಸ್ಸು ಬಂದದ್ದು ಶುಕ್ರವಾರ ಮೂರಕ್ಕೆ. ಅದೇ ಮೂವತ್ತೆಂಟು ಗಂಟೆಯೆಂದು ಅವರ ನಾಲಿಗೆ ತುದಿಗೇ ಬಂತು.

"ಹೌದಾ ಅಲ್ವಾ ಕೈತಾನ್ ಬಾಬ್?" ಎಂದರು ಗುರ್ಕಾರರು.

ಕೈತಾನರು ಶುಕ್ರವಾರದ ಗಂಜಿಯನ್ನು ನೆನೆದರು, ನಿಂತ ಹದಿನಾಲ್ಕು ಲೋಲಕಗಳ ಕೆಳಗೆ ಕಳೆದ ಆ ಶನಿವಾರವನ್ನು ನೆನೆದರು, ಜೀವಮಾನದಲ್ಲಿ ಅಷ್ಟು ಉದ್ದದ ರಾತ್ರಿಗಳನ್ನು ತಾನು ಕಂಡಿದ್ದೇನೆಯೇ ಎಂದು ಯೋಚಿಸಿದರು. ಎದುರಿಗೆ ನಿಂತ ಈ ಮನುಷ್ಯ ದೇವರ ಮೇಲೆ ಭಯವಿರುವವನು, ಸುಳ್ಳು ಹೇಳುವವನಲ್ಲ. ಸುಳ್ಳು ಹೇಳುತ್ತಲೂ ಇರಲಿಲ್ಲ. ಕೈತಾನರ ಎದೆ ಒಮ್ಮೆಲೇ ಹಗುರಾಯಿತು. ವಾಚಿನ ಮೇಲೆ ಅಂಗಿಯ ಕೈ ಎಳೆದುಕೊಂಡರು.

"ಹೌದು ಗುರ್ಕಾರರೆ," ಎಂದರು ಕೈತಾನರು. "ಮೂರು ಹಗಲು, ಮೂರು ರಾತ್ರಿ. ಒಂದು ನಿಮಿಷವೂ ಕಡಿಮೆ ಇಲ್ಲ."

ಕುಕ್ಕಪ್ಪ ಸೀಟಿ ಊದಿದ, ಬಸ್ಸು ಹೊರಟಿತು. ಕೈತಾನರು ಮಗಳಿಗೆ ಸುದ್ದಿ ಹೇಳಲು ಓಡುತ್ತಲೇ ಮನೆಗೆ ಹೋದರು.